ಹೊಗೆ ಕಾಣದ ಒಲೆ: ಇಂಗ್ಲೆಂಡಿನ ಮನೆಗೆ ಸೌದೆ ಸ್ಟವ್ ಕೊಳ್ಳುವ ಮುನ್ನ

ಬರ್ಮಿಂಗ್‌ಹ್ಯಾಮ್‌ನಲ್ಲಿ ನಾವು ಮನೆ ಕೊಂಡಾಗ ವಕೀಲರು ಕಳಿಸಿದ ಕಾಗದದ ಕಂತೆಯಲ್ಲಿ ಒಂದು ಸಾಲು ಇತ್ತು. ಈ ಮನೆ 'ಸ್ಮೋಕ್ ಕಂಟ್ರೋಲ್ ಏರಿಯಾ', ಅಂದರೆ ಹೊಗೆ ನಿಯಂತ್ರಣದ ಪ್ರದೇಶದೊಳಗೆ ಬರುತ್ತದೆ ಅಂತ. ಓದಿದೆ, ಪುಟ ತಿರುಗಿಸಿದೆ, ಮರೆತೆ. ನೂರು ವರ್ಷ ದಾಟಿದ ಇಟ್ಟಿಗೆ ಮನೆ ಅದು. ಹಾಲ್‌ನಲ್ಲಿ ಹಲಗೆ ಹೊಡೆದು ಮುಚ್ಚಿದ ಹಳೇ ಒಲೆಗೂಡು, ಅದರ ಮೇಲೆ ಉದ್ದದ ಚಿಮಣಿ. ಎರಡು ಚಳಿಗಾಲ ಗ್ಯಾಸ್ ಬಿಲ್ ನೋಡಿದ ಮೇಲೆ, ಆ ಗೂಡಿನಲ್ಲಿ ಒಂದು ಸೌದೆ ಸ್ಟವ್ ಕೂರಿಸಿದರೆ ಹೇಗೆ ಅನ್ನಿಸಿತು. ಆಗ ಆ ಸಾಲು ನೆನಪಾಯಿತು.

ಸ್ಟವ್ ಅಂದರೆ ಇಲ್ಲಿ ಅಡುಗೆಯದಲ್ಲ. ಮನೆ ಬೆಚ್ಚಗಿಡುವ ಕಬ್ಬಿಣದ ಪೆಟ್ಟಿಗೆ. ಮುಂದೆ ಗಾಜಿನ ಬಾಗಿಲು, ಹಿಂದಕ್ಕೋ ಮೇಲಕ್ಕೋ ಹೊಗೆ ಹೋಗುವ ಕೊಳವೆ. ಅಂಗಡಿಗೆ ಹೋದೆವು. ಅಲ್ಲಿದ್ದವನು ಒಂದು 8 ಕಿಲೋವ್ಯಾಟ್ ಸ್ಟವ್ ತೋರಿಸಿ, ಮೇಲಿದ್ದ ಡೆಫ್ರಾ (ಇಲ್ಲಿನ ಪರಿಸರ ಇಲಾಖೆ) ಚೀಟಿಯ ಮೇಲೆ ಬೆರಳಿಟ್ಟು, "ಇದಿದ್ದರೆ ಆಯ್ತು, ಕೌನ್ಸಿಲ್‌ನವರು ನಿಮ್ಮ ತಂಟೆಗೆ ಬರೋದಿಲ್ಲ" ಎಂದ. ಕೌನ್ಸಿಲ್ ಅಂದರೆ ಇಲ್ಲಿನ ನಗರಸಭೆ. ನಮ್ಮ ಹಾಲ್ ಎಷ್ಟು ದೊಡ್ಡದು ಅಂತ ಅವನು ಕೇಳಲೇ ಇಲ್ಲ.

ಚೀಟಿ ಅಸಲಿಯೇ. ಆದರೂ ಅದೇ ಸ್ಟವ್ ನಮ್ಮ ಮನೆಯಲ್ಲಿ ಕೂತಿದ್ದರೆ ಚಳಿಗಾಲ ಪೂರ್ತಿ ಹೊಗೆ ಉಗುಳುತ್ತಿತ್ತು. ಇದು ಹೇಗೆ ಅಂತ ತಿಳಿಯೋಕೆ ನನಗೆ ಸುಮಾರು ಒಂದು ತಿಂಗಳು ಹಿಡಿಯಿತು. ಬ್ರಿಟನ್‌ನಲ್ಲಿ ಮನೆ ಕೊಂಡಿರುವ, ಚಿಮಣಿ ನೋಡಿ ಆಸೆಪಟ್ಟಿರುವ ನಮ್ಮ ಕಡೆಯವರು ಜಾಸ್ತಿ ಜನ ಇದ್ದಾರೆ. ಅವರಿಗಾಗಿ ಇದು.

ನಿಯಮ ಬಂದದ್ದು ಎಲ್ಲಿಂದ

1952ರ ಡಿಸೆಂಬರ್ 5ರಂದು ಲಂಡನ್ ಮೇಲೆ ದಟ್ಟ ಮಂಜು ಕವಿಯಿತು. ಗಾಳಿ ನಿಂತಿತ್ತು. ಚಳಿ ಜೋರಾಗಿತ್ತು. ಜನ ಮನೆಮನೆಯಲ್ಲೂ ಕಲ್ಲಿದ್ದಲು ಸುರಿದು ಬೆಂಕಿ ಹಾಕಿದರು. ಆ ಹೊಗೆ ಮೇಲೆ ಹೋಗದೆ ಬೀದಿಯಲ್ಲೇ ಕೂತಿತು. ಐದು ದಿನ ಹಗಲಲ್ಲೂ ದಾರಿ ಕಾಣಲಿಲ್ಲ. ಸತ್ತವರು ಸುಮಾರು 4,000 ಎಂದು ಆಗ ಲೆಕ್ಕ ಹಾಕಿದರು. ಆಮೇಲೆ ಬಂದ ಸಂಶೋಧಕರು ಅದು 12,000ದವರೆಗೂ ಇರಬಹುದು ಎಂದರು. ಇದರ ಬೆನ್ನಿಗೇ 1956ರಲ್ಲಿ ಕ್ಲೀನ್ ಏರ್ ಆ್ಯಕ್ಟ್ ಬಂತು. ಇಂತಿಷ್ಟು ಜಾಗದಲ್ಲಿ ಚಿಮಣಿಯಿಂದ ಹೊಗೆ ಬರಕೂಡದು ಎಂದು ಸಾರುವ ಅಧಿಕಾರ ಕೌನ್ಸಿಲ್‌ಗಳಿಗೆ ಸಿಕ್ಕಿತು. ಈಗ ಜಾರಿಯಲ್ಲಿರುವುದು 1993ರ ಕಾಯ್ದೆ, ಅದಕ್ಕೆ 2021ರ ಎನ್ವಿರಾನ್‌ಮೆಂಟ್ ಆ್ಯಕ್ಟ್ ಮಾಡಿದ ತಿದ್ದುಪಡಿ.

ಬರ್ಮಿಂಗ್‌ಹ್ಯಾಮ್ ಪೂರ್ತಿ ಹೊಗೆ ನಿಯಂತ್ರಣದ ಪ್ರದೇಶ. ಲಂಡನ್ನಿನ ಬಹುಪಾಲು ಹಾಗೇ. ಹಳ್ಳಿಗಾಡಿನಲ್ಲಿ ಹೆಚ್ಚಾಗಿ ಇರುವುದಿಲ್ಲ. ನಿಮ್ಮದು ಒಳಗೋ ಹೊರಗೋ ಎನ್ನುವುದು ಕೌನ್ಸಿಲ್ ವೆಬ್‌ಸೈಟ್‌ನಲ್ಲಿ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಒಳಗಿದ್ದರೆ ನಿಮಗೆ ದಾರಿ ಎರಡು. ಒಂದು, ಹೊಗೆ ಬಾರದ ಇಂಧನ ಎಂದು ಸರಕಾರ ಒಪ್ಪಿದ್ದನ್ನು ಮಾತ್ರ ಸುಡುವುದು. ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲು, ಪಟ್ಟಿಯಲ್ಲಿರುವ ಕೆಲವು ಒತ್ತಿದ ಉಂಡೆಗಳು, ಇಂಥವು. ಹೊಗೆ ಕಾನೂನಿನ ಮಟ್ಟಿಗೆ ಇವನ್ನು ಯಾವ ಒಲೆಯಲ್ಲಾದರೂ ಹಾಕಬಹುದು. ಸೌದೆ ಈ ಪಟ್ಟಿಯಲ್ಲಿಲ್ಲ. ಹಾಗಾಗಿ ಸೌದೆಯೇ ಬೇಕು ಎನ್ನುವವರಿಗೆ ಎರಡನೇ ದಾರಿಯೇ ಗತಿ. ವಿನಾಯಿತಿ ಪಡೆದ ಒಲೆ ಇಡಬೇಕು. ಪರಿಸರ ಇಲಾಖೆ, ಅಂದರೆ ಡೆಫ್ರಾ, ಅಂಥ ಒಲೆಗಳ ಪಟ್ಟಿ ಇಟ್ಟಿದೆ. ಅದಕ್ಕೇ ಇವಕ್ಕೆ 'ಡೆಫ್ರಾ ಎಕ್ಸೆಂಪ್ಟ್' ಎಂಬ ಹೆಸರು. ಪಟ್ಟಿಯಲ್ಲಿ ಮಾದರಿಯ ಹೆಸರು ಅಕ್ಷರಕ್ಕೆ ಅಕ್ಷರ ತಾಳೆಯಾಗಬೇಕು. ಯಾವ ಇಂಧನಕ್ಕೆ ವಿನಾಯಿತಿ ಎಂದೂ ಅಲ್ಲೇ ಬರೆದಿರುತ್ತದೆ. ಅದನ್ನು ಬಿಟ್ಟು ಬೇರೆ ಏನು ಹಾಕಿದರೂ ವಿನಾಯಿತಿ ಇಲ್ಲ.

ಇಂಗ್ಲೆಂಡಿನಲ್ಲಿ ಈಗ ಇಂಥ ಪ್ರದೇಶದ ಚಿಮಣಿಯಿಂದ ಹೊಗೆ ಬಂದರೆ 175ರಿಂದ 300 ಪೌಂಡ್‌ವರೆಗೆ ದಂಡ. ಮೊದಲು ಇದು ಕೋರ್ಟಿಗೆ ಹೋಗಬೇಕಾದ ಅಪರಾಧವಾಗಿತ್ತು, ಹಾಗಾಗಿ ಕೌನ್ಸಿಲ್‌ಗಳು ಕೈ ಹಾಕುತ್ತಿದ್ದುದೇ ಅಪರೂಪ. 2022ರಿಂದ ಕೌನ್ಸಿಲ್ಲೇ ನೇರವಾಗಿ ದಂಡ ಹಾಕಬಹುದು. ವಿನಾಯಿತಿ ಇಲ್ಲದ ಒಲೆಗೆ ಒಪ್ಪಿಗೆಯಿಲ್ಲದ ಇಂಧನ ಕೊಂಡರೆ 1,000 ಪೌಂಡ್‌ವರೆಗೂ ಹೋಗುತ್ತದೆ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ನಲ್ಲಿ ಕಟ್ಟಳೆ ಸ್ವಲ್ಪ ಬೇರೆ. ಅಂಗಡಿಯವನು ಹೇಳದ ಮಾತು ಒಂದಿದೆ. ದಂಡ ಇರುವುದು ಹೊಗೆಗೆ. ಚೀಟಿ ಇರುವ ಒಲೆಯಲ್ಲೂ ಹಸಿ ಸೌದೆ ತುರುಕಿ ಬೀದಿ ತುಂಬ ಹೊಗೆ ಬಿಟ್ಟರೆ, ಚೀಟಿ ತೋರಿಸಿ ಬಚಾವಾಗೋಕೆ ಆಗುವುದಿಲ್ಲ.

ಹೊಗೆ ಅಂದರೆ ಸುಡದೇ ಉಳಿದ ಸೌದೆ

ತೀರ್ಥಹಳ್ಳಿ ಕಡೆ ನಮ್ಮ ಅಜ್ಜಿ ಮನೆಯಲ್ಲಿ ಎರಡು ಒಲೆ ಇದ್ದವು. ಅಡುಗೆಮನೆಯದೊಂದು, ಬಚ್ಚಲ ಹಂಡೆಯದೊಂದು. ಅಡುಗೆ ಒಲೆಗೆ ಅಜ್ಜಿ ಸೀಳಿ ಒಣಗಿಸಿದ ಸೌದೆಯನ್ನು ಮಾತ್ರ ಇಡುತ್ತಿದ್ದರು. ಹಂಡೆ ಒಲೆಗೆ ದಪ್ಪ ಕೊರಡು, ಸಿಪ್ಪೆ, ಮಟ್ಟೆ, ಸಿಕ್ಕಿದ್ದೆಲ್ಲ. ಮಳೆಗಾಲದಲ್ಲಿ ಬಚ್ಚಲ ಮನೆ ಹೊಗೆ ಗೂಡು. ಬೆಂಕಿ ಮಂಕಾದರೆ ಊದುಗೊಳವೆ ಹಿಡಿದು ಊದಬೇಕು. ಊದಿದ ಕ್ಷಣ 'ಭುಗ್' ಎಂದು ಜ್ವಾಲೆ ಏಳುತ್ತಿತ್ತು, ಹೊಗೆ ಮಾಯವಾಗುತ್ತಿತ್ತು. ಹೊಗೆ ಎಲ್ಲಿಗೆ ಹೋಯಿತು? ಉರಿದು ಹೋಯಿತು. ಈ ಒಂದು ಸಂಗತಿ ಹಿಡಿದರೆ ಸ್ಟವ್ ವಿಚಾರದ ಮುಕ್ಕಾಲು ಪಾಲು ತಿಳಿದ ಹಾಗೆ.

ಸೌದೆ ನೇರವಾಗಿ ಸುಡುವುದಿಲ್ಲ. ಮೊದಲು ಅದರ ನೀರು ಆವಿಯಾಗುತ್ತದೆ. ಆಮೇಲೆ, ಸುಮಾರು 200 ಡಿಗ್ರಿ ದಾಟಿದಾಗ, ಮರ ಒಡೆದು ಅನಿಲವಾಗಿ ಹೊರಬರುತ್ತದೆ. ಒಣ ಸೌದೆಯ ತೂಕದಲ್ಲಿ ಮುಕ್ಕಾಲು ಭಾಗದಷ್ಟು ಹೀಗೆ ಅನಿಲವಾಗಿಯೇ ಹೋಗುತ್ತದೆ. ಉಳಿದದ್ದು ಇದ್ದಿಲು, ಅದು ಕೆಂಡವಾಗಿ ನಿಧಾನಕ್ಕೆ ಉರಿಯುತ್ತದೆ. ನಾವು ನೋಡುವ ಜ್ವಾಲೆ ಆ ಅನಿಲ ಉರಿಯುವ ಬೆಳಕು. ಆ ಅನಿಲ ಪೂರ್ತಿ ಉರಿಯಬೇಕಾದರೆ 600 ಡಿಗ್ರಿಗೂ ಮೇಲಿನ ಕಾವು ಬೇಕು, ಸಾಕಷ್ಟು ಗಾಳಿ ಬೇಕು, ಎರಡೂ ಬೆರೆಯೋಕೆ ಸ್ವಲ್ಪ ಹೊತ್ತು ಬೇಕು. ಯಾವುದಾದರೊಂದು ಕಡಿಮೆಯಾದರೆ ಅನಿಲ ಹಾಗೇ ತಣ್ಣಗಾಗಿ ಸಣ್ಣ ಹನಿ, ಮಸಿ, ಟಾರು ಆಗಿ ಹೊರಡುತ್ತದೆ. ಅದೇ ಹೊಗೆ. ಚಿಮಣಿಯಲ್ಲಿ ಹೋಗುವ ಹೊಗೆ ಅಂದರೆ ನೀವು ದುಡ್ಡು ಕೊಟ್ಟು ತಂದು, ಸುಡದೇ ಆಚೆ ಬಿಟ್ಟ ಸೌದೆ. ಅದರಲ್ಲಿ ಸ್ವಲ್ಪ ಚಿಮಣಿಯ ಗೋಡೆಗೆ ಅಂಟಿಕೊಂಡು ಕಪ್ಪು ಡಾಂಬರಿನ ಹಾಗೆ ಗಟ್ಟಿಯಾಗುತ್ತದೆ. ಅದಕ್ಕೆ ಬೆಂಕಿ ಹತ್ತಿಕೊಂಡರೆ ಚಿಮಣಿಯೇ ಉರಿಯುತ್ತದೆ.

ಹಸಿ ಸೌದೆ ಯಾಕೆ ಕೆಟ್ಟದ್ದು ಎಂದು ಈಗ ಲೆಕ್ಕ ಹಾಕಬಹುದು. ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಒಂದು ಕೆಜಿ ಹಾಕಿದರೆ ಅರ್ಧ ಲೀಟರ್ ನೀರನ್ನು ಒಲೆಗೆ ಸುರಿದ ಹಾಗೆ. ಆ ನೀರು ಕುದಿದು ಹೋಗುವ ತನಕ ಕಾವು ಮೇಲೇರುವುದಿಲ್ಲ. ಅಷ್ಟು ಹೊತ್ತೂ ಅನಿಲ ಬರುತ್ತಲೇ ಇರುತ್ತದೆ, ಉರಿಯದೆ.

ಈ ಪಾಠ ನಮ್ಮೂರಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಶುರುವಾದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ನೆನಪಿರಬಹುದು. 1980ರ ದಶಕದಲ್ಲಿ ಅಲ್ಲಿಂದ ಬಂದ 'ಅಸ್ತ್ರ ಒಲೆ' ಕರ್ನಾಟಕದ ಎಷ್ಟೋ ಅಡುಗೆಮನೆಗಳಿಗೆ ಹೋಯಿತು. ಬೆಂಕಿಯ ಸುತ್ತ ಮುಚ್ಚಿದ ಗೂಡು, ಸೌದೆ ಕೆಳಗೆ ಜಾಲರಿ, ಬಿಸಿ ಗಾಳಿ ಮೂರು ಪಾತ್ರೆಗಳ ಅಡಿ ಹಾದು ಹೋಗುವ ದಾರಿ, ಕೊನೆಗೆ ಹೊಗೆ ಕೊಳವೆ. ಬೆಂಕಿಗೆ ಗಾಳಿ ಎಲ್ಲಿಂದ ಎಷ್ಟು ಹೋಗಬೇಕು ಎಂದು ಯೋಚಿಸಿ ಕಟ್ಟಿದ ಒಲೆ ಅದು. ಬರ್ಮಿಂಗ್‌ಹ್ಯಾಮ್‌ನ ಗಾಜಿನ ಬಾಗಿಲಿನ ಸ್ಟವ್ ಅದರ ದೂರದ ನೆಂಟ.

ಪೆಟ್ಟಿಗೆಯೊಳಗೆ ಏನಿದೆ

ಒಳ್ಳೆಯ ಸ್ಟವ್‌ನ ಬಾಗಿಲು ತೆರೆದು ನೋಡಿ. ಒಳಗೋಡೆಗೆ ತಿಳಿಬಣ್ಣದ ಹಗುರ ಹಲಗೆಗಳಿರುತ್ತವೆ. ವರ್ಮಿಕ್ಯುಲೈಟ್ ಅಂತಾರೆ. ಕಾವನ್ನು ಒಳಗೇ ಹಿಡಿದಿಡುವುದು ಅದರ ಕೆಲಸ. ಮೇಲ್ಗಡೆ ಓರೆಯಾಗಿ ಒಂದು ತಟ್ಟೆ ಇರುತ್ತದೆ. ಅನಿಲ ಸೀದಾ ಚಿಮಣಿಗೆ ನುಗ್ಗದೆ, ಅದಕ್ಕೆ ಬಡಿದು, ಮುಂದಕ್ಕೆ ಬಂದು, ಸುತ್ತಿಕೊಂಡು ಹೋಗಬೇಕು. ಅಷ್ಟು ಹೊತ್ತಿನಲ್ಲಿ ಅದು ಉರಿದು ಮುಗಿಯುತ್ತದೆ.

ಗಾಳಿ ಮೂರು ಕಡೆಯಿಂದ ಬರುತ್ತದೆ. ಕೆಳಗಿನಿಂದ ಬರುವುದು ಬೆಂಕಿ ಹೊತ್ತಿಸುವಾಗ ಬೇಕು, ಕಲ್ಲಿದ್ದಲಿಗೂ ಬೇಕು. ಮೇಲಿನಿಂದ ಗಾಜಿನ ಮೇಲೆ ಜಾರಿಕೊಂಡು ಇಳಿಯುವ ಬಿಸಿ ಗಾಳಿ ಎರಡನೆಯದು. ಅದು ಗಾಜನ್ನು ಮಸಿಯಿಂದ ಕಾಯುತ್ತದೆ, ಜ್ವಾಲೆಗೂ ಸಿಗುತ್ತದೆ. ಮೂರನೆಯದು ಹಿಂಗೋಡೆಯ ಸಣ್ಣ ತೂತುಗಳಿಂದ ಬರುತ್ತದೆ. ಸ್ಟವ್‌ನ ಮೈ ಸುತ್ತಿ ಕಾದ ಗಾಳಿ ಅದು. ಉರಿಯದೆ ತಪ್ಪಿಸಿಕೊಂಡ ಅನಿಲವನ್ನು ಮೇಲೆ ಹಿಡಿದು ಸುಡುತ್ತದೆ. ಆ ತೂತುಗಳಿಂದಲೇ ಪುಟ್ಟ ಪುಟ್ಟ ಜ್ವಾಲೆ ಹೊರಟ ಹಾಗೆ ಕಾಣುತ್ತದೆ. ಅಜ್ಜಿಯ ಊದುಗೊಳವೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಆ ತೂತುಗಳು ಮಾಡುತ್ತವೆ.

ಇನ್ನೊಂದು ಸಣ್ಣ ಭಾಗವಿದೆ. ವಿನಾಯಿತಿ ಪಡೆದ ಎಷ್ಟೋ ಸ್ಟವ್‌ಗಳಲ್ಲಿ ಗಾಳಿಯ ಹಿಡಿಕೆಯನ್ನು ಪೂರ್ತಿ ಮುಚ್ಚೋಕೆ ಆಗುವುದಿಲ್ಲ. ಒಂದು ತಡೆ ಹಾಕಿರುತ್ತಾರೆ. ಡೆಫ್ರಾ ವಿನಾಯಿತಿಗಾಗಿ ಸ್ಟವ್ ಅನ್ನು ಸಣ್ಣ ಉರಿಯಲ್ಲೂ ಪರೀಕ್ಷಿಸುತ್ತಾರೆ. ಆಗಲೂ ಹೊಗೆ ಮಿತಿಯೊಳಗೆ ಇರಬೇಕು. ಆ ತಡೆ ಇಲ್ಲದಿದ್ದರೆ ಜನ ರಾತ್ರಿ ಮಲಗುವಾಗ ಸೌದೆ ತುಂಬಿ, ಗಾಳಿ ಮುಚ್ಚಿ, ಬೆಳಿಗ್ಗೆವರೆಗೆ ಮುಲುಮುಲು ಉರಿಯಲಿ ಅಂತ ಬಿಡುತ್ತಾರೆ. ಹೊಗೆ ಮಾಡೋಕೆ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಕೆಲವರು ಆ ತಡೆಯನ್ನು ಕಿತ್ತು ಹಾಕುತ್ತಾರೆ. ಅದನ್ನು ಕಿತ್ತರೆ ವಿನಾಯಿತಿಯನ್ನೂ ಕಿತ್ತ ಹಾಗೇ.

ಚೀಟಿಗಳ ಗೊಂದಲ

ಅಂಗಡಿಯಲ್ಲಿ ಒಂದೇ ಸ್ಟವ್ ಮೇಲೆ ಎರಡು ಮೂರು ಚೀಟಿ ಇರುತ್ತವೆ. ಎಲ್ಲವೂ ಒಂದೇ ಅಂತ ನಾನೂ ಅಂದುಕೊಂಡಿದ್ದೆ.

ಡೆಫ್ರಾ ವಿನಾಯಿತಿ ಹೊಗೆ ನಿಯಂತ್ರಣದ ಪ್ರದೇಶಕ್ಕೆ ಸೇರಿದ್ದು. ಗಂಟೆಗೆ ಎಷ್ಟು ಗ್ರಾಂ ಹೊಗೆ ಎಂಬುದು ಅದರ ಅಳತೆ. ಮಿತಿ ಗಂಟೆಗೆ 5 ಗ್ರಾಂ, ಜೊತೆಗೆ ಸ್ಟವ್‌ನ ಪ್ರತಿ 0.3 ಕಿಲೋವ್ಯಾಟ್‌ಗೆ 0.1 ಗ್ರಾಂ. 4 ಕಿಲೋವ್ಯಾಟ್ ಸ್ಟವ್‌ಗೆ ಲೆಕ್ಕ ಹಾಕಿದರೆ ಸುಮಾರು 6.3 ಗ್ರಾಂ ಆಗುತ್ತದೆ.

ಇಕೋಡಿಸೈನ್ ಬೇರೆ. ಅದು 2022ರ ಜನವರಿ 1ರಿಂದ ಮಾರುಕಟ್ಟೆಗೆ ಬರುವ ಹೊಸ ಸ್ಟವ್‌ಗಳಿಗೆಲ್ಲ ಅನ್ವಯಿಸುತ್ತದೆ, ನೀವು ನಗರದಲ್ಲಿದ್ದರೂ ಹಳ್ಳಿಯಲ್ಲಿದ್ದರೂ. ಮುಚ್ಚಿದ ಬಾಗಿಲಿನ ಸೌದೆ ಸ್ಟವ್ ಕನಿಷ್ಠ ಶೇ. 65 ದಕ್ಷತೆ ತೋರಿಸಬೇಕು. ಹೊರಹೋಗುವ ಅನಿಲದ ಪ್ರತಿ ಘನ ಮೀಟರಿನಲ್ಲಿ ದೂಳುಕಣ 40 ಮಿಲಿಗ್ರಾಂ, ಕಾರ್ಬನ್ ಮೊನಾಕ್ಸೈಡ್ 1,500 ಮಿಲಿಗ್ರಾಂ ಮೀರಬಾರದು. ಉರಿಯದ ಅನಿಲಕ್ಕೂ ನೈಟ್ರೋಜನ್ ಆಕ್ಸೈಡ್‌ಗಳಿಗೂ ಬೇರೆ ಮಿತಿಗಳಿವೆ. ಇದನ್ನು ಅಳೆಯುವುದು ಸ್ಟವ್ ತನ್ನ ಸಹಜ ಉರಿಯಲ್ಲಿರುವಾಗ. ಅಂದರೆ ಇಕೋಡಿಸೈನ್ ಪಾಸಾದದ್ದೆಲ್ಲ ಡೆಫ್ರಾ ಪಟ್ಟಿಯಲ್ಲಿ ಇರಬೇಕೆಂದಿಲ್ಲ. ಹಳೆಯ ಡೆಫ್ರಾ ಸ್ಟವ್ ಎಲ್ಲವೂ ಇಕೋಡಿಸೈನ್ ಆಗಿರಬೇಕೆಂದೂ ಇಲ್ಲ. ನಗರದಲ್ಲಿ ಹೊಸ ಸ್ಟವ್ ಕೊಳ್ಳುವವರಿಗೆ ಎರಡೂ ಬೇಕು. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತರುವ ಮುನ್ನ ಇದನ್ನು ನೋಡಿಕೊಳ್ಳಿ.

ಕ್ಲಿಯರ್‌ಸ್ಕೈಸ್ ಎಂಬ ಮೂರನೇ ಗುರುತೂ ಇದೆ. ಉದ್ಯಮದವರೇ ನಡೆಸುವ ಶ್ರೇಣಿ ಅದು, ಅಂಕಿ ಹೆಚ್ಚಾದಷ್ಟೂ ಒಳ್ಳೆಯದು. ಹೋಲಿಸಿ ನೋಡೋಕೆ ಅನುಕೂಲ. ಕಾನೂನಿನ ಮಾತು ಬಂದಾಗ ಮಾತ್ರ ಡೆಫ್ರಾ ಪಟ್ಟಿಯನ್ನೇ ನೋಡಬೇಕು.

ಸಣ್ಣದೇ ಸಾಕು

ಈಗ ನಮ್ಮ 8 ಕಿಲೋವ್ಯಾಟ್ ಸ್ಟವ್‌ಗೆ ಬರೋಣ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಜನ ಅತಿ ಹೆಚ್ಚು ಎಡವುವುದು ಇಲ್ಲೇ.

ಇಲ್ಲಿನವರು ಬಳಸುವ ಒಂದು ಸರಳ ಲೆಕ್ಕ ಇದೆ. ಕೋಣೆಯ ಉದ್ದ, ಅಗಲ, ಎತ್ತರ ಮೀಟರ್‌ನಲ್ಲಿ ಗುಣಿಸಿ, 14ರಿಂದ ಭಾಗಿಸಿ. ಸಾಧಾರಣ ಮನೆಗೆ ಬೇಕಾದ ಕಿಲೋವ್ಯಾಟ್ ಸಿಗುತ್ತದೆ. ನಮ್ಮ ಹಾಲ್ 4.5 ಮೀಟರ್ ಉದ್ದ, 4 ಮೀಟರ್ ಅಗಲ, 2.7 ಮೀಟರ್ ಎತ್ತರ. ಸುಮಾರು 48.6 ಘನ ಮೀಟರ್. ಭಾಗಿಸಿದರೆ 3.5. ಗೋಡೆ, ಕಿಟಕಿ ಚೆನ್ನಾಗಿ ಬಿಗಿಯಾಗಿರುವ ಹೊಸ ಮನೆಯಾದರೆ ಇನ್ನೂ ಕಡಿಮೆ ಸಾಕು.

3.5 ಬೇಕಾದ ಕಡೆ 8 ಇಟ್ಟರೆ ಏನಾಗುತ್ತದೆ? ಅರ್ಧ ಗಂಟೆಯಲ್ಲಿ ಹಾಲ್ ಕುಲುಮೆ ಆಗುತ್ತದೆ. ಕಿಟಕಿ ತೆರೆಯಬೇಕು, ಇಲ್ಲವೇ ಗಾಳಿಯ ಹಿಡಿಕೆ ತಗ್ಗಿಸಬೇಕು. ಯಾರಾದರೂ ಎರಡನೆಯದನ್ನೇ ಮಾಡುತ್ತಾರೆ, ಅಲ್ವಾ? ತಗ್ಗಿಸಿದಷ್ಟೂ ಒಳಗಿನ ಕಾವು ಇಳಿಯುತ್ತದೆ, ಅನಿಲ ಉರಿಯದೇ ಹೋಗುತ್ತದೆ, ಗಾಜು ಕಪ್ಪಾಗುತ್ತದೆ, ಚಿಮಣಿಯಲ್ಲಿ ಟಾರು ಕೂರುತ್ತದೆ. ಅಥವಾ ದೊಡ್ಡ ಪೆಟ್ಟಿಗೆಯಲ್ಲಿ ಒಂದೇ ಒಂದು ತುಂಡು ಸೌದೆ ಇಟ್ಟು ಸುಡುತ್ತಾರೆ. ದೊಡ್ಡ ಗೂಡು ಅಷ್ಟಕ್ಕೆ ಕಾಯುವುದೇ ಇಲ್ಲ. ಪರೀಕ್ಷೆಯ ಕೋಣೆಯಲ್ಲಿ ಪಾಸಾದ ಸ್ಟವ್ ನಮ್ಮ ಹಾಲ್‌ನಲ್ಲಿ ಫೇಲಾಗುವುದು ಹೀಗೆ. ಸಣ್ಣ ಸ್ಟವ್ ಅನ್ನು ಜೋರಾಗಿ ಉರಿಸಿದರೆ ಹೊಗೆ ಬರುವುದಿಲ್ಲ. ದೊಡ್ಡದನ್ನು ಹಿಡಿದು ಹಿಡಿದು ಉರಿಸಿದರೆ ಬರುವ ಸಾಧ್ಯತೆ ಜಾಸ್ತಿ. ಮನೆಗೆ ದೊಡ್ಡ ವಸ್ತು ತಂದರೆ ಗೌರವ ಎನ್ನುವ ನಮ್ಮವರ ಲೆಕ್ಕಾಚಾರ ಇಲ್ಲಿ ತಲೆಕೆಳಗು.

ನಾವು ಕೊಂಡದ್ದು 4 ಕಿಲೋವ್ಯಾಟ್‌ದು. ಒಂದು ಕೆಜಿ ಒಣ ಸೌದೆಯಲ್ಲಿ ಸುಮಾರು 4 ಯೂನಿಟ್ ಶಾಖ ಇರುತ್ತದೆ. ಸ್ಟವ್ ಅದರಲ್ಲಿ ಮುಕ್ಕಾಲು ಪಾಲನ್ನು ಕೋಣೆಗೆ ಕೊಡುತ್ತದೆ ಎಂದುಕೊಳ್ಳಿ. ಹಾಗಾದರೆ ಪೂರ್ತಿ ಉರಿಯಲ್ಲಿ ಗಂಟೆಗೆ ಸುಮಾರು 1.3 ಕೆಜಿ ಸೌದೆ. ಕೈಯಗಲದ ಎರಡು ತುಂಡು ಅಷ್ಟೇ. ಮೊದಮೊದಲು ನಂಬೋಕೆ ಕಷ್ಟ. ಕೈ ತಾನಾಗಿ ಮೂರನೆಯದಕ್ಕೆ ಹೋಗುತ್ತದೆ. ತಡೆದುಕೊಳ್ಳಿ.

ಸಣ್ಣದಕ್ಕೆ ಇನ್ನೊಂದು ಲಾಭ ಇದೆ. ಹಳೆಯ ಮನೆಗಳಲ್ಲಿ 5 ಕಿಲೋವ್ಯಾಟ್‌ವರೆಗೆ ಗೋಡೆಯಲ್ಲಿ ಬೇರೆ ಗಾಳಿಕಿಂಡಿ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಅದಕ್ಕಿಂತ ಮೇಲಾದರೆ ಹೆಚ್ಚುವರಿ ಪ್ರತಿ ಕಿಲೋವ್ಯಾಟ್‌ಗೆ 550 ಚದರ ಮಿಲಿಮೀಟರ್‌ನಂತೆ ಯಾವಾಗಲೂ ತೆರೆದಿರುವ ಕಿಂಡಿ ಬೇಕು. ಬೆಚ್ಚಗಾಗಲೆಂದು ಸ್ಟವ್ ತಂದು, ಅದಕ್ಕಾಗಿ ಗೋಡೆಗೆ ತೂತು ಕೊರೆದು ಚಳಿಗಾಳಿ ಬಿಟ್ಟುಕೊಳ್ಳುವುದು! ಗಾಳಿ ನುಸುಳದಂತೆ ಕಟ್ಟಿದ ಹೊಸ ಮನೆಗಳಿಗೆ ಮಾತ್ರ ಮೊದಲ ಕಿಲೋವ್ಯಾಟ್‌ನಿಂದಲೇ ಕಿಂಡಿ ಬೇಕು.

ಸೌದೆ ಮಾತ್ರ ಸುಡುತ್ತೀರಾದರೆ ಸೌದೆಯ ಸ್ಟವ್ವೇ ಕೊಳ್ಳಿ. ಮಲ್ಟಿಫ್ಯೂಯಲ್ ಅಂತ ಎರಡಕ್ಕೂ ಆಗುವುದು ಸಿಗುತ್ತದೆ. ಆದರೆ ಸೌದೆಗೆ ಬೇಕಾದದ್ದು ಬೂದಿಯ ಹಾಸಿಗೆ ಮತ್ತು ಮೇಲಿನ ಗಾಳಿ. ಕಲ್ಲಿದ್ದಲಿನ ಉಂಡೆಗೆ ಬೇಕಾದದ್ದು ಜಾಲರಿ ಮತ್ತು ಕೆಳಗಿನ ಗಾಳಿ. ಎರಡೂ ಒಂದೇ ಪೆಟ್ಟಿಗೆಯಲ್ಲಿ ಚೆನ್ನಾಗಿ ಕೂಡಿಬರುವುದು ಕಷ್ಟ.

ಕೂರಿಸುವ ಕೆಲಸ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಇದು ನಾವು ಮಾಡುವ ಕೆಲಸ ಅಲ್ಲ. ಹೆಟಾಸ್ ಎಂಬ ನೋಂದಣಿ ಇರುವವರಿಂದ ಮಾಡಿಸಿ. ನಿಯಮದಂತೆ ಕೂರಿಸಿದ್ದೇವೆ ಎಂದು ಅವರೇ ಪ್ರಮಾಣಪತ್ರ ಕೊಡಬಹುದು. ಬೇರೆಯವರಿಂದ ಮಾಡಿಸಿದರೆ ಕೌನ್ಸಿಲ್‌ನ ಕಟ್ಟಡ ವಿಭಾಗಕ್ಕೆ ತಿಳಿಸಿ ಪರೀಕ್ಷೆ ಮಾಡಿಸಬೇಕು. ಆ ಕಾಗದ ಜೋಪಾನ. ಮನೆ ಮಾರುವಾಗ ಕೇಳುತ್ತಾರೆ. ಸ್ಟವ್‌ಗಿಂತ ಅದನ್ನು ಕೂರಿಸುವ ಖರ್ಚೇ ಜಾಸ್ತಿ ಆಗುವುದುಂಟು, ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ.

ಹಳೇ ಚಿಮಣಿಯ ಒಳಗೆ ಸಾಮಾನ್ಯವಾಗಿ ಸ್ಟೀಲಿನ ಬಾಗುವ ಕೊಳವೆ ಇಳಿಸುತ್ತಾರೆ. ಬಿರುಕಿನಿಂದ ಅನಿಲ ಮೇಲಿನ ಮಲಗುವ ಕೋಣೆಗೆ ಸೋರಬಾರದು, ಚಿಮಣಿ ಬೇಗ ಬಿಸಿಯಾಗಿ ಹೊಗೆ ಎಳೆಯಬೇಕು, ಅದಕ್ಕೆ. ಹೊಗೆ ನಿಯಮಕ್ಕೆ ಒಪ್ಪುವ ಸ್ಟವ್ ಆದರೆ 125 ಮಿಲಿಮೀಟರ್ ಕೊಳವೆ ಸಾಕಾಗಬಹುದು. ಇಲ್ಲದಿದ್ದರೆ 150 ಬೇಕು.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಡ್ಡಾಯ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ಟವ್ ಇರುವ ಕೋಣೆಯಲ್ಲೇ, ಅದರಿಂದ 1ರಿಂದ 3 ಮೀಟರ್ ದೂರದಲ್ಲಿ ಅಲಾರಂ ಇರಬೇಕು. ಚಿಮಣಿಯನ್ನು ವರ್ಷಕ್ಕೆ ಒಮ್ಮೆಯಾದರೂ ಗುಡಿಸಿಸಬೇಕು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಇಲ್ಲದೆ ಯಾವುದೂ ಇಲ್ಲ.

ಸೌದೆಯೇ ಅರ್ಧ ಒಲೆ

ಇಂಗ್ಲೆಂಡಿನಲ್ಲಿ 2021ರ ಮೇ 1ರಿಂದ, 2 ಘನ ಮೀಟರಿಗಿಂತ ಕಡಿಮೆ ಸೌದೆ ಮಾರುವವರು ತೇವ ಶೇ. 20ಕ್ಕಿಂತ ಹೆಚ್ಚಿಲ್ಲದ್ದನ್ನೇ ಮಾರಬೇಕು. ಚೀಲದ ಮೇಲೆ 'ರೆಡಿ ಟು ಬರ್ನ್' ಗುರುತು ಇರುತ್ತದೆ. ಅದೇ ದಿನದಿಂದ ಚೀಲದಲ್ಲಿ ತುಂಬಿದ ಮನೆ ಕಲ್ಲಿದ್ದಲಿನ ಮಾರಾಟ ನಿಂತಿತು. ಬಿಡಿ ಕಲ್ಲಿದ್ದಲು 2023ರ ಮೇ 1ಕ್ಕೆ ನಿಂತಿತು.

ಗುರುತಿದ್ದರೂ ನಾನು ತೇವ ಅಳೆಯುವ ಪುಟ್ಟ ಮೀಟರ್ ಇಟ್ಟುಕೊಂಡಿದ್ದೇನೆ. ಎರಡು ಮುಳ್ಳಿರುವ ಸಾಧನ, ಬೆಲೆ ಜಾಸ್ತಿಯಿಲ್ಲ. ಒಂದು ತುಂಡನ್ನು ಸೀಳಿ, ಹೊಸದಾಗಿ ತೆರೆದ ಒಳಮೈಗೆ ಚುಚ್ಚಬೇಕು. ಹೊರಮೈಗೆ ಚುಚ್ಚಿದರೆ ಸುಳ್ಳು ಹೇಳುತ್ತದೆ. ಹೋದ ವರ್ಷ ಒಬ್ಬ ಪರಿಚಯದವರು ತೋಟದ ಮರ ಕಡಿಸಿ, "ಬಿಟ್ಟಿ ಸೌದೆ, ತಗೊಂಡು ಹೋಗಿ" ಎಂದರು. ಮೀಟರ್ ಶೇ. 38 ತೋರಿಸಿತು. ಅದನ್ನು ಸೀಳಿ, ಮೇಲೊಂದು ಮಾಡು ಹಾಕಿ, ಪಕ್ಕಗಳನ್ನು ಗಾಳಿಗೆ ಬಿಟ್ಟು ಹಿತ್ತಲಲ್ಲಿ ಒಟ್ಟಿದ್ದೇನೆ. ಎರಡು ಬೇಸಿಗೆ ಕಳೆಯಬೇಕು. ಮಲೆನಾಡಿನ ಸೌದೆ ಕೊಟ್ಟಿಗೆಯ ಪದ್ಧತಿಯೇ ಇದು, ಮಳೆಗಾಲ ಮಾತ್ರ ಇಲ್ಲಿ ವರ್ಷಪೂರ್ತಿ. ಬಣ್ಣ ಬಳಿದ ಹಲಗೆ, ಹಳೇ ಪೀಠೋಪಕರಣ, ರಟ್ಟಿನ ಡಬ್ಬ ಯಾವುದನ್ನೂ ಹಾಕಬೇಡಿ. ಅದರ ಹೊಗೆ ವಿಷ.

ಬೆಂಕಿ ಹೊತ್ತಿಸುವ ರೀತಿಯೂ ನಮಗೆ ಉಲ್ಟಾ. ನಾವು ಕೆಳಗೆ ಜಿಗ್ಗು, ಅಂದರೆ ಸಣ್ಣ ಒಣ ಕಡ್ಡಿ, ಇಟ್ಟು ಮೇಲೆ ಸೌದೆ ಹೇರುತ್ತೇವೆ. ಇಲ್ಲಿ ಸೌದೆ ಕೆಳಗೆ, ಜಿಗ್ಗು ಮೇಲೆ, ಅದರ ತಲೆಗೆ ಬೆಂಕಿ. ಮೊದಲ ಸಲ ಇದು ಹೊತ್ತುವುದೇ ಇಲ್ಲ ಅನ್ನಿಸಿತ್ತು. ಹೊತ್ತುತ್ತದೆ. ಜ್ವಾಲೆ ಮೇಲೆ ಇರುವುದರಿಂದ, ಕೆಳಗಿನ ಸೌದೆಯಿಂದ ಏಳುವ ಅನಿಲ ಅದನ್ನು ದಾಟಿಯೇ ಹೋಗಬೇಕು. ದಾಟುವಾಗ ಉರಿದು ಹೋಗುತ್ತದೆ. ಗಾಳಿಯ ಹಿಡಿಕೆ ಪೂರ್ತಿ ತೆರೆದಿಡಿ. ಸೌದೆಗೆ ಚೆನ್ನಾಗಿ ಉರಿ ಹಿಡಿದ ಮೇಲೆ ಸ್ವಲ್ಪ ಸ್ವಲ್ಪವೇ ತಗ್ಗಿಸಿ. ಜ್ವಾಲೆ ಸೋಮಾರಿಯಾಗಿ ತೂಗಾಡಿದರೆ ಗಾಳಿ ಸಾಲದು ಎಂದು ಅರ್ಥ.

ಇಷ್ಟೆಲ್ಲ ಮಾಡಿದರೂ

ಒಂದು ಮಾತು ಮುಚ್ಚಿಡಬಾರದು. 'ಕ್ಲೀನ್' ಎಂಬುದು ಹಳೇ ತೆರೆದ ಒಲೆಗೆ ಹೋಲಿಸಿದಾಗಿನ ಮಾತು. ತೆರೆದ ಒಲೆಯ ಶಾಖದಲ್ಲಿ ಮುಕ್ಕಾಲು ಪಾಲು ಚಿಮಣಿಗೇ ಹೋಗುತ್ತದೆ, ಹೊಗೆಯಂತೂ ಹೇಳುವುದೇ ಬೇಡ. ಆದರೆ ಅತ್ಯುತ್ತಮ ಸೌದೆ ಸ್ಟವ್ ಕೂಡ ಗ್ಯಾಸ್ ಬಾಯ್ಲರ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಸೂಕ್ಷ್ಮ ದೂಳು ಬಿಡುತ್ತದೆ. ಪಿಎಂ 2.5 ಎನ್ನುವ, ಶ್ವಾಸಕೋಶದ ಆಳಕ್ಕೆ ಇಳಿಯುವ ಆ ಕಣಗಳಿಗೆ ಬ್ರಿಟನ್ನಿನಲ್ಲಿ ಮನೆಯ ಸೌದೆ ಬೆಂಕಿ ದೊಡ್ಡ ಮೂಲಗಳಲ್ಲಿ ಒಂದು. ಕಣ್ಣಿಗೆ ಹೊಗೆ ಕಾಣದಿದ್ದರೂ ಅವು ಇರುತ್ತವೆ. ಸೌದೆ ಹಾಕಲು ಬಾಗಿಲು ತೆರೆದಾಗಲೆಲ್ಲ ಸ್ವಲ್ಪ ಕೋಣೆಯೊಳಗೂ ಬರುತ್ತದೆ.

ಮನೆಯಲ್ಲಿ ಆಸ್ತಮಾ ಇರುವವರೋ, ಪುಟ್ಟ ಮಗುವೋ ಇದ್ದರೆ ನಾನಾಗಿದ್ದರೆ ಸ್ಟವ್ ಕೂರಿಸುತ್ತಿರಲಿಲ್ಲ. ದುಡ್ಡು ಉಳಿಸೋಕೆ ಅಂತ ಹೊರಟರೂ ಸುಮ್ನೆ. ಚೀಲದ ಸೌದೆ ಕೊಂಡು ಸುಟ್ಟರೆ ಗ್ಯಾಸಿಗಿಂತ ಅಗ್ಗ ಅಂತೇನೂ ನಮಗೆ ಕಂಡಿಲ್ಲ. ನಾವು ಉರಿಸುವುದು ವಾರಕ್ಕೆ ಒಂದೆರಡು ಸಂಜೆ, ಚಳಿ ಕೊರೆಯುವಾಗ. ಗಾಳಿ ಪೂರ್ತಿ ನಿಂತ ಮಂಜಿನ ರಾತ್ರಿಗಳಲ್ಲಿ ಉರಿಸುವುದಿಲ್ಲ. 1952ರಲ್ಲಿ ಕೆಟ್ಟದ್ದು ಅಂಥದೇ ರಾತ್ರಿಗಳಲ್ಲಿ.

ಹೋದ ಡಿಸೆಂಬರ್‌ನಲ್ಲಿ ಅಮ್ಮ ಊರಿಂದ ಬಂದಿದ್ದರು. ಮೇಲಿನಿಂದ ಬೆಂಕಿ ಹಚ್ಚುವುದನ್ನು ನೋಡಿ ನಕ್ಕರು. ಎರಡೇ ತುಂಡು ಇಟ್ಟದ್ದಕ್ಕೆ "ಸೌದೆಗೂ ಬಡತನವೇನೋ" ಎಂದರು. ಊದುಗೊಳವೆ ಎಲ್ಲಿ ಎಂದು ಹುಡುಕಿದರು. ಉರಿ ಹಿಡಿದು ಒಂದು ಗಂಟೆ ಕಳೆದಿರಬೇಕು, ನಾನು ಅಡುಗೆಮನೆಯಲ್ಲಿದ್ದೆ. ಅಮ್ಮ ಶಾಲು ಹೊದ್ದು ಹೊರಗೆ ಹೋದವರು ರಸ್ತೆಯ ಆಚೆ ಬದಿಗೆ ನಿಂತು ನಮ್ಮ ಮನೆಯ ತಾರಸಿ ಕಡೆ ಕತ್ತೆತ್ತಿ ನೋಡಿದರು. ಒಳಗೆ ಬಂದು, "ನಿನ್ನ ಒಲೆ ಆರಿಹೋಗಿದೆ ಕಣೋ, ಹೊಗೆನೇ ಇಲ್ಲ" ಎಂದರು.